ಬರ್ತೀನಿ ಅನ್ನದೆ ಹೋದವಳು

ಉಗಾರ ಖುರ್ದದ ಸ್ಟೇಶನ್ ರಸ್ತೆಯಲ್ಲಿ ಇಬ್ರಾಹಿಮನ ಬಳೆ ಅಂಗಡಿ ಇದೆ. ಈಗ ಗಲ್ಲೆಯ ಹಿಂದೆ ಕೂತಿರುವವಳು ಆತನ ಮಗಳು ಕಹಕಶಾ. ವಯಸ್ಸು ಇಪ್ಪತ್ತೆರಡು. ಗಿರಾಕಿ ಬಂದರೆ ಕೈ ಹಿಡಿದು, ಹೆಬ್ಬೆರಳಿನ ಬುಡವನ್ನು ಒಮ್ಮೆ ಅದುಮಿ, ಸೈಜು ತೆಗೆಯುತ್ತಾಳೆ. ಗಿರಾಕಿ ಇಲ್ಲದಾಗ ಓದುತ್ತಾಳೆ. ಬಳೆ ಡಬ್ಬಿಗಳ ಹಿಂದೆ ಒಂದು ಹಲಗೆಯ ತುಂಬ ಪುಸ್ತಕಗಳಿವೆ. ಮರಾಠಿಯವು ಹೆಚ್ಚು, ಕನ್ನಡದವು ಸ್ವಲ್ಪ. ಎಲ್ಲವೂ ಹರೆಯದ ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಾದಂಬರಿಗಳು. ಕಾಲೇಜಿನ ಹುಡುಗಿಯರು ಬಳೆ ನೋಡುವ ನೆವದಲ್ಲಿ ಬಂದು ಒಯ್ಯುತ್ತಾರೆ, ಓದಿ ತಂದು ಕೊಡುತ್ತಾರೆ.

ಆಕೆಯದು ಒಂದೇ ತಕರಾರು. ಹೊರಡುವಾಗ ಯಾವಳಾದರೂ "ಹೋಗ್ತೀನ್ರಿ ಅಕ್ಕಾ" ಅಂದರೆ ಸಾಕು, ಕೊಟ್ಟ ಪುಸ್ತಕವನ್ನು ಕೈಯಿಂದ ಕಸಿದುಕೊಳ್ಳುತ್ತಾಳೆ.

"ಏನಂದಿ?"

"ಹೋಗ್ತೀನಿ ಅಂದ್ನಿರಿ."

"ಸತ್ತಾವ್ರು ಹೋಗ್ತಾರ. ನೀ ಬರ್ತೀನಿ ಅನ್ನು."

"ಬರ್ತೀನ್ರಿ ಯಕ್ಕಾ, ಬರ್ತೀನಿ! ಕೊಡ್ರಿ ಈಗ."

"ಹಾಂ. ಹೋಗಿ ಬಾ."

ಹುಡುಗಿಯರು ರಸ್ತೆಗಿಳಿದು ನಗುತ್ತಾರೆ. ಇಷ್ಟು ಓದಿದಾಕಿ ಮುದುಕಿಯ ಹಾಗೆ ಶಕುನ ನೋಡುತ್ತಾಳಲ್ಲ ಅಂತ. ನಗಲಿ. ಆದರೆ ಇದು ಶಕುನದ ಮಾತಲ್ಲ.

ಐದು ವರ್ಷದ ಹಿಂದೆ ಕಹಕಶಾ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಪಕ್ಕದಲ್ಲಿ ಕೂರುತ್ತಿದ್ದವಳು ಮೇಘಾ, ಶಿರಗುಪ್ಪಿ ಕಡೆ ತೋಟದ ಮನೆಯಿರುವ ತಾತ್ಯಾಸಾಹೇಬರ ಮಗಳು. ಕಬ್ಬು, ದ್ರಾಕ್ಷಿ, ಎರಡು ಟ್ರ್ಯಾಕ್ಟರು. ಮೇಘಾ ಕಲಿತದ್ದು ಮರಾಠಿ ಶಾಲೆಯಲ್ಲಿ, ಕಹಕಶಾ ಕನ್ನಡ ಶಾಲೆಯಲ್ಲಿ. ಇಬ್ಬರೂ ಕನ್ನಡವನ್ನೇ ಆಡುತ್ತಿದ್ದರೂ ಕನ್ನಡ ಪುಸ್ತಕ ಹಿಡಿದರೆ ಮೇಘಾ ತಡವರಿಸುತ್ತಿದ್ದಳು, ಮರಾಠಿ ಪುಸ್ತಕ ಹಿಡಿದರೆ ಕಹಕಶಾ. ಇಬ್ರಾಹಿಮ ಬಳೆ ತರಲು ಮಿರಜಿಗೆ ಹೋದಾಗ ಅಲ್ಲಿಯ ಫುಟ್‌ಪಾತಿನಿಂದ ಹಳೆ ಪುಸ್ತಕಗಳನ್ನು ತರುತ್ತಿದ್ದ. ಮರಾಠಿಯದನ್ನು ಮೇಘಾ ಕಣ್ಣಲ್ಲಿ ಓದಿ ಬಾಯಲ್ಲಿ ಕನ್ನಡ ಮಾಡಿ ಹೇಳುವಳು, ಕನ್ನಡದ್ದನ್ನು ಕಹಕಶಾ ಓದುವಳು. ಕಾಲೇಜಿನ ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಊಟದ ಹೊತ್ತು ಹೀಗೇ ಕಳೆಯುತ್ತಿತ್ತು. ಒಬ್ಬಳು ಬಾರದ ದಿನ ಇನ್ನೊಬ್ಬಳಿಗೆ ಅರ್ಧ ಕಪಾಟಿಗೆ ಕೀಲಿ ಬಿದ್ದ ಹಾಗೆ.

ಮೇಘಾಳಿಗೆ ಒಂದು ಕೆಟ್ಟ ಚಟ. ಕಡೆಯ ಪುಟ ಮೊದಲು ಓದುವುದು.

"ಲೇ, ಕೊಂದಾವ್ರ ಯಾರಂತ ಗೊತ್ತಾದ ಮ್ಯಾಲ ಏನ ಓದ್ತಿಬೇ?" ಎಂದು ಕಹಕಶಾ ರೇಗುತ್ತಿದ್ದಳು.

"ಕೊಂದಾವ್ರು ಯಾರರ ಇರ್ಲಿ. ಹುಡುಗಿ ಸಿಗತಾಳೋ ಇಲ್ಲೋ ಅಷ್ಟ ನೋಡ್ತೀನಿ. ಸಿಗತಾಳಂದ್ರ ಓದ್ತೀನಿ."

ಈ ಬಗೆಯ ಪುಸ್ತಕಗಳೆಂದರೆ ನಮ್ಮ ದೊಡ್ಡವರು ಮೂಗು ಮುರಿಯುತ್ತಾರೆ. ಹೊತ್ತು ಕಳೆಯುವ ಸರಕು, ಪ್ರೀತಿ ಪ್ರೇಮದ ಕಸ, ಹುಡುಗಿಯರ ತಲೆ ಕೆಡಿಸುವ ಸಾಮಾನು. ಒಂದನ್ನಾದರೂ ಪೂರ್ತಿ ಓದಿ ಹೀಗೆ ಹೇಳಿದವರನ್ನು ಇನ್ನೂ ಕಂಡಿಲ್ಲ. ಅವುಗಳಲ್ಲಿ ಪ್ರೀತಿ ಇರುತ್ತದೆ, ನಿಜ. ಒಬ್ಬ ಹುಡುಗ ಮಳೆಯಲ್ಲಿ ಕೊಡೆ ಹಿಡಿದು ನಿಂತಿರುತ್ತಾನೆ. ಅವನ ಪುಟಗಳು ಬಂದಾಗ ಇವರಿಬ್ಬರೂ ಮುಖ ಮುಚ್ಚಿಕೊಂಡು ನಕ್ಕಿದ್ದೂ ನಿಜ. ಆದರೆ ಅವರನ್ನು ಹಿಡಿದು ಕೂರಿಸಿದ್ದು ಆ ಹುಡುಗನಲ್ಲ. ಆ ಪುಸ್ತಕಗಳಲ್ಲಿ ಒಬ್ಬಳು ಹುಡುಗಿ ಕಾಣೆಯಾಗುತ್ತಾಳೆ. ಆಗ ಆಕೆಯ ಗೆಳತಿ ಊಟ ಬಿಡುತ್ತಾಳೆ, ಪರೀಕ್ಷೆ ಬಿಡುತ್ತಾಳೆ, ಬಾಗಿಲು ಬಾಗಿಲಿಗೆ ಹೋಗಿ ಕೇಳುತ್ತಾಳೆ. ಒಂದು ಹುಡುಗಿಗಾಗಿ ಮುನ್ನೂರು ಪುಟ ಖರ್ಚಾಗುತ್ತದೆ. ನಮ್ಮಲ್ಲಿ ಹುಡುಗಿ ತರಗತಿಗೆ ಬರುವುದು ನಿಂತರೆ ಹಾಜರಿ ಕೂಗುವವರು ನಾಲ್ಕು ದಿನ ಆಕೆಯ ನಂಬರು ಕೂಗುತ್ತಾರೆ, ಆಮೇಲೆ ದಾಟಿ ಮುಂದಿನ ನಂಬರಿಗೆ ಹೋಗುತ್ತಾರೆ. ಮುನ್ನೂರು ಪುಟದ ಆಸೆ ಯಾವ ಹುಡುಗಿಗೆ ಇರುವುದಿಲ್ಲ?

ಆ ವರ್ಷ ದೀಪಾವಳಿಗೆ ಮುಂಚೆ ಅವರು ಹಿಡಿದಿದ್ದ ಮರಾಠಿ ಪುಸ್ತಕ ಇಂಗ್ಲಿಷಿನಿಂದ ಬಂದದ್ದು. ಬೆಟ್ಟದ ಮೇಲಿನ ಹಾಸ್ಟೆಲಿನಿಂದ ಒಬ್ಬ ಹುಡುಗಿ ಮಂಜು ಕವಿದ ಬೆಳಿಗ್ಗೆ ಹೊರಟು ಕಾಣೆಯಾಗುತ್ತಾಳೆ. ಹೊರಡುವಾಗ ಗೆಳತಿಗೆ "ಮೀ ಜಾತೇ" ಅನ್ನುತ್ತಾಳೆ. ನಾನು ಹೋಗುತ್ತೇನೆ ಅಂತ. ಅಷ್ಟು ಓದಿ ಮೇಘಾ ಬಿದ್ದು ಬಿದ್ದು ನಕ್ಕಳು.

"ಜಾತೇ ಅಂತ! ಇವ್ರ ಊರಾಗ 'ಯೇತೆ' ಅನ್ನಾಕ ಯಾರೂ ಕಲಿಸಿಲ್ಲೇನ?"

ನಕ್ಕಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಮರಾಠಿ ಮನೆಯವರು ಹೊರಡುವಾಗ ಯೇತೆ ಅನ್ನುತ್ತಾರೆ, ಕನ್ನಡ ಮನೆಯವರು ಬರ್ತೀನಿ ಅನ್ನುತ್ತಾರೆ, ಕಹಕಶಾಳ ಮನೆಯಲ್ಲಿ ಜಾಕೆ ಆತೂಂ ಅನ್ನುತ್ತಾರೆ. ಮೂರು ಭಾಷೆಯವರೂ ಹೋಗುವಾಗ ಬರುವ ಮಾತನ್ನೇ ಆಡುತ್ತಾರೆ.

"ಬರ್ತೀನಿ ಅಂದಿದ್ರ ಆಕಿ ಕಾಣೀ ಆಗ್ತಿದ್ದಿಲ್ಲ ನೋಡು" ಅಂದಳು ಕಹಕಶಾ. ಅಂದಿನಿಂದ ಅದೊಂದು ಚೇಷ್ಟೆಯಾಯಿತು. ಮಾಸ್ತರರ ಪಾಠ ಬೇಸರವಾದರೆ ಒಬ್ಬಳು ಕಿವಿಯಲ್ಲಿ "ಹೋಗ್ತೀನ್‌ಬೇ" ಅನ್ನುವುದು, ಇನ್ನೊಬ್ಬಳು ನಗು ತಡೆಯುವುದು.

ದೀಪಾವಳಿ ಸೂಟಿಯ ಹಿಂದಿನ ದಿನ ಮೇಘಾ ಆ ಪುಸ್ತಕವನ್ನು ಮರಳಿ ತಂದಳು.

"ಮುಗೀತೇನ?"

"ಇಲ್ಲ."

"ಕಡೀ ಪುಟಾ?"

"ಅದನೂ ಓದಿಲ್ಲ."

ಕಾಲೇಜು ಬಿಟ್ಟಾಗ ಗೇಟಿನ ಆಚೆ ಮೇಘಾಳ ಅಣ್ಣ ಅಮಿತ ಬೈಕಿನ ಮೇಲೆ ಕೂತಿದ್ದ. ಎಂದೂ ಕರೆಯಲು ಬಾರದವನು. ಮೇಘಾ ಎರಡು ಹೆಜ್ಜೆ ಹೋಗಿ ತಿರುಗಿ, ಅಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು: "ಹೋಗ್ತೀನ್‌ಬೇ ಕಶಾ."

ಕಹಕಶಾ ಹೊಟ್ಟೆ ಹಿಡಿದು ನಕ್ಕಳು. "ಹೋಗ ಹೋಗ! ಮುನ್ನೂರ ಪುಟಾ ಹುಡಕ್ತೀನಿ ನಿನ್ನ!"

ಮೇಘಾ ನಗಲಿಲ್ಲ. ಎಷ್ಟು ಚಂದ ನಾಟಕ ಮಾಡುತ್ತಾಳೆ ಅಂದುಕೊಂಡಳು ಕಹಕಶಾ.

ಸೂಟಿ ಮುಗಿಯಿತು. ಮೇಘಾ ಬರಲಿಲ್ಲ. ಫೋನು ಬಂದ್. ಹಾಜರಿಯಲ್ಲಿ ನಂಬರು ಕೂಗಿದರು, ಕೂಗಿದರು, ಆಮೇಲೆ ದಾಟಿದರು. ಕಹಕಶಾ ಸೈಕಲ್ ತೆಗೆದುಕೊಂಡು ತೋಟದ ಮನೆಗೇ ಹೋದಳು. ತಾತ್ಯಾಸಾಹೇಬ ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂರಿಸಿದ.

"ಮೇಘಾ ಮಾವನ ಊರಿಗೆ ಹೋಗ್ಯಾಳವಾ. ಅಲ್ಲಿ ಆಯಿಗೆ ಆರಾಮಿಲ್ಲ."

"ಯಾವಾಗ ಬರ್ತಾಳ್ರಿ ಕಾಕಾ?"

"ಬರ್ತಾಳ ಬರ್ತಾಳ. ಚಾ ತಗೋ." ಆಮೇಲೆ ಸುಮ್ಮನೆ ನೆನಪಾದವನ ಹಾಗೆ ಕೇಳಿದ: "ನಿಮ್ಮ ಅಣ್ಣ ಆರಾಮ ಅದಾನೇನ?"

ಕಹಕಶಾಳ ಅಣ್ಣ ಫೈಜಾನ ಮಿರಜಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವವನು. ಮೇಘಾಳ ಮುಖವನ್ನೂ ಕಂಡವನಲ್ಲ. ಅವನ ಮಾತು ಇಲ್ಲೇಕೆ ಬಂತು ಅಂತ ಕಹಕಶಾಳಿಗೆ ಆಗ ತಿಳಿಯಲಿಲ್ಲ. ಅದು ಸೌಜನ್ಯ ಅಂದುಕೊಂಡು ಬಂದಳು.

ಆದರೂ ಬಿಡಲಿಲ್ಲ. ಮೇಘಾಳ ಊರಿನಿಂದ ಬರುವ ಹುಡುಗಿಯರನ್ನು ಕೇಳಿದಳು, ಹಾಲಿನ ಡೇರಿಯವನನ್ನು ಕೇಳಿದಳು, ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರನ್ನು ಕೇಳಿದಳು. ಪುಸ್ತಕದ ಗೆಳತಿ ಹೇಗೆ ಕೇಳುತ್ತಿದ್ದಳೋ ಹಾಗೆ. ಎಲ್ಲರೂ ಮಾವನ ಊರು ಅಂದರು. ಮನೆಗೆ ಬಂದು ತಾಯಿ ನಾಜಿಮಾಳ ಮುಂದೆ ಎಲ್ಲವನ್ನೂ ಒಪ್ಪಿಸುತ್ತಿದ್ದಳು. ನಾಜಿಮಾ ಕೇಳಿಸಿಕೊಂಡು, "ಬರ್ತಾಳ ಬಿಡು, ಉಣ್ಣು" ಅನ್ನುತ್ತಿದ್ದಳು.

ಸಂಕ್ರಾಂತಿ ಹತ್ತಿರ ಬಂತು. ಬಳೆ ವ್ಯಾಪಾರದ ದಿನಗಳು. ನಾಜಿಮಾ ಮನೆ ಮನೆಗೆ ಒಯ್ಯುವ ಚೀಲವನ್ನು ಸುರಿದು ಉಳಿದ ಮಾಲನ್ನು ಬೇರೆ ಮಾಡಲು ಮಗಳಿಗೆ ಹೇಳಿ ಒಳಗೆ ಹೋದಳು. ಚೀಲದ ಬುಡದಲ್ಲಿ ಮದುವಣಗಿತ್ತಿಗೆ ಇಡುವ ಹಸಿರು ಬಳೆಗಳ ಒಂದು ದಾರ ಸಿಕ್ಕಿತು. ಒಂದು ದಾರದಲ್ಲಿ ಒಂದೇ ಸೈಜು ಪೋಣಿಸುವುದು ಬಳೆಗಾರರ ಪದ್ಧತಿ. ಈ ದಾರದಲ್ಲಿ ಅರ್ಧ ಬಳೆ ಒಂದು ಸೈಜಿನವು, ಅರ್ಧ ಅದಕ್ಕಿಂತ ದೊಡ್ಡವು. ಒಬ್ಬಳಿಗೇ ಒಯ್ದು ಉಳಿದದ್ದನ್ನು ಒಟ್ಟಿಗೆ ಕಟ್ಟಿದಂತಿತ್ತು.

ಮೇಘಾ ಚಿಕ್ಕವಳಿದ್ದಾಗ ಓಡುವ ಟ್ರಾಲಿಯಿಂದ ಕಬ್ಬು ಹಿರಿಯಲು ಹೋಗಿ ಬಿದ್ದಿದ್ದಳು. ಎಡಗೈ ಹೆಬ್ಬೆರಳಿನ ಬುಡದ ಎಲುಬು ಸೊಟ್ಟಗೆ ಕೂಡಿತ್ತು. ಆಕೆಗೆ ಎಂದೂ ಬಲಗೈಗೆ ಒಂದು ಸೈಜು, ಎಡಗೈಗೆ ಒಂದು ಸೈಜು ದೊಡ್ಡದು. ಇದೇ ಅಂಗಡಿಯಲ್ಲಿ, ಇದೇ ಕಹಕಶಾಳ ಕೈಯಿಂದ ಎಷ್ಟು ಸಲ ಇಡಿಸಿಕೊಂಡಿದ್ದಳು!

"ಅಮ್ಮೀ, ಈ ದಾರದಾಗ ಎರಡ ಸೈಜ ಯಾಕ ಅದಾವ?"

"ತಪ್ಪಿ ಕಟ್ಟೀನಿ."

"ನೀ ಎಂದರ ತಪ್ಪಿ ಕಟ್ಟೀಯೇನ? ಯಾರ ಕೈ ಇದು, ಹೇಳು."

ನಾಜಿಮಾ ಬಾಗಿಲಲ್ಲೇ ಕೂತಳು. ಪುಸ್ತಕಗಳಲ್ಲಿ ಗುಟ್ಟು ಬಯಲಾಗುವ ಪುಟ ಬಂದಾಗ ಈ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಆ ಗುಟ್ಟು ತನ್ನ ತಾಯಿಯ ಚೀಲದಲ್ಲೇ ಇರುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

"ದೀಪಾವಳಿ ಆದ ಮ್ಯಾಲ ಹಿತ್ತಲ ಬಾಗಲಿಂದ ಕರದ್ರು. ಹಂದರ ಇಲ್ಲ, ಬಾಜಾ ಇಲ್ಲ. ಗಂಡಿನಾವ್ರು ಚಿಂಚಲಿ ಕಡೀ ಮಂದಿ, ಅಕ್ಕವ್ವನ ತ್ವಾಟ ಅಂತಾರ. ಸೂಟಿಗಿಂತ ಮೊದಲ ಆಕಿ ಚೀಲದಾಗ ನಿನ್ನ ಪುಸ್ತಕ ಸಿಕ್ಕಿತ್ತಂತ. ಮ್ಯಾಲ ಹುಡುಗ ಹುಡುಗಿ ಕೊಡಿ ಹಿಡದ ನಿಂತ ಚಿತ್ರ. ಯಾರ ಕೊಟ್ರು ಅಂತ ಕೇಳ್ಯಾರ. ಗೆಳತಿ ಅಂದಾಳ. ಗೆಳತಿಗೆ ಅಣ್ಣ ಅದಾನೇನು ಅಂತ ಕೇಳ್ಯಾರ. ಅದಾನ ಅಂದಾಳ. ಅಷ್ಟ."

"ಆಕಿ ಅತ್ತಳೇನ?"

"ಇಲ್ಲ. ಬಳಿ ಇಡೂಮುಂದ, 'ಮೌಶಿ, ಕಶಾಗ ಹೇಳ್ತೀರೇನ್ರಿ?' ಅಂದ್ಲು."

"ನೀ ಏನಂದಿ?"

"ಹೂಂ ಅಂದೆ."

ನಾಜಿಮಾಳೇ ಮುಂದುವರಿಸಿದಳು. "ಹೊರಗ ಬರೂಮುಂದ ತಾತ್ಯಾಸಾಹೇಬ ಬಾಜೂಕ ಬಂದು ಕೇಳಿದ: 'ನಿಮ್ಮ ಫೈಜಾನ ದಿನಾ ಯಾವ ಗಾಡಿಗೆ ಮಿರಜಿಗೆ ಹೋಗ್ತಾನ್ರಿ?' ಅಂತ. ಬೈಲಿಲ್ಲ, ಬಡೀಲಿಲ್ಲ. ಬರೇ ಗಾಡಿ ಯಾವುದಂತ ಕೇಳಿದ. ನಾ ಏನ ಮಾಡ್ಲಿ ಬೇಟಾ? ಹೇಳು, ನೀನ ಹೇಳು."

ಈ ಕತೆ ಹೇಳುವ ನಾನೂ ಈ ತಾಯಿಯ ಮೇಲೆ ಸಿಟ್ಟಾಗಲು ನೋಡಿದೆ. ಆಗಲಿಲ್ಲ. ಸಿಟ್ಟು ಹೋಗಬೇಕಾದ ವಿಳಾಸಗಳು ಬೇರೆ ಇವೆ.

ಮೊದಲ ವಿಳಾಸ ಕಾಲೇಜು. ಕಹಕಶಾ ಪ್ರಿನ್ಸಿಪಾಲ ಕಾಕಾಸಾಹೇಬ ಸರ್ ಮುಂದೆ ನಿಂತಳು.

"ಸರ್, ಮೇಘಾಗ ಹದಿನೆಂಟ ತುಂಬಿಲ್ರಿ. ಮಕ್ಕಳ ಸಹಾಯವಾಣಿಗೆ ಕಾಲೇಜಿಂದ ನೀವ ಒಂದು ಫೋನ್ ಹಚ್ರಿ. ನಾವು ಹಚ್ಚಿದ್ರ ನಮ್ಮ ಮನೀ ಹೆಸರ ಬರ್ತೈತ್ರಿ."

"ಎಷ್ಟ ಕಡಿಮಿ ಐತಿ?"

"ಏಳ ತಿಂಗಳ್ರಿ."

"ಏಳ ತಿಂಗಳದ ಸಲುವಾಗಿ ಒಂದ ಸಂಸಾರ ಮುರೀಬೇಕೇನ? ತಾತ್ಯಾಸಾಹೇಬ್ರು ಕಾಲೇಜಿಗೆ ಎಷ್ಟ ಬೇಕಾದಾವ್ರು ಗೊತ್ತೈತಿಲ್ಲ ನಿನಗ?" ಅಷ್ಟರಲ್ಲಿ ಆಕೆಯ ಕಂಕುಳಲ್ಲಿದ್ದ ಪುಸ್ತಕ ಕಂಡಿತು. "ಹಾಂ! ಇಂಥಾವ ಓದಿ ಓದಿ ತಲಿಯೊಳಗ ಪೊಲೀಸ್ ಸ್ಟೇಶನ್ ತಗದೀ ನೋಡು!"

ಕೋಣೆಯಲ್ಲಿದ್ದವರು ನಕ್ಕರು. ಮಾರನೆಯ ದಿನ ಹುಡುಗಿಯರ ಚೀಲಗಳನ್ನೆಲ್ಲ ಬಿಚ್ಚಿಸಿ ಕಾದಂಬರಿ ಇವೆಯೇ ಅಂತ ನೋಡಿದರು. ಹುಡುಗಿ ಹೋದಾಗ ಒಬ್ಬರೂ ಹುಡುಕಲಿಲ್ಲ. ಪುಸ್ತಕ ಹುಡುಕಲು ಇಡೀ ಕಾಲೇಜೇ ಎದ್ದು ನಿಂತಿತು. ಓದಿದ ಮಂದಿ ಇವರು! ವೇದಿಕೆ ಹತ್ತಿದರೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು.

ಕಹಕಶಾಳೇ ಫೋನು ಮಾಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಪೇಟೆಯಲ್ಲಿ ಸುರಕ್ಷಿತವಾಗಿ ಕೂತವರು ಕೇಳುವ ಪ್ರಶ್ನೆ ಇದು. ಹೆಸರು ಗುಟ್ಟಾಗಿಡುತ್ತೇವೆ ಅಂತ ಗೋಡೆಯ ಮೇಲೆ ಬರೆದಿರುತ್ತದೆ, ಸರಿ. ಆದರೆ ಆ ಮನೆಯ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಬಂದ ಹೊರಗಿನವಳು ನಾಜಿಮಾ ಒಬ್ಬಳೇ. ಹೆಸರು ಯಾರು ಹೇಳಬೇಕು? ಫೋನು ಹಿಡಿದು ಕಹಕಶಾ ಎಷ್ಟೋ ಸಲ ಕೂತಳು. ಪ್ರತಿ ಸಲವೂ ಹೊರಗೆ ರೈಲು ಕೂಗುತ್ತಿತ್ತು, ಅದರಲ್ಲಿ ಫೈಜಾನ ಇರುತ್ತಿದ್ದ.

ಪರೀಕ್ಷೆ ಬಂತು, ಮುಗಿಯಿತು. ಮೇಘಾಳ ಜಾಗ ಖಾಲಿ ಇತ್ತು. ಕಡೆಯ ಪೇಪರು ಬರೆದ ಮಾರನೆಯ ದಿನ ಕಹಕಶಾ ತಾಯಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಪ್ಯಾಸೆಂಜರ್ ಹತ್ತಿ ಚಿಂಚಲಿಯಲ್ಲಿ ಇಳಿದಳು. ಪುಸ್ತಕದ ಗೆಳತಿ ವೇಷ ಹಾಕುತ್ತಾಳೆ, ಸುಳ್ಳು ಹೆಸರು ಹೇಳುತ್ತಾಳೆ. ಈಕೆಗೆ ವೇಷವೇ ಬೇಕಿರಲಿಲ್ಲ. ಬಳೆಯವಳನ್ನು ನಮ್ಮ ಕಡೆ ಯಾವ ಅಂಗಳವೂ ತಡೆಯುವುದಿಲ್ಲ.

"ಬಳಿ ಇಡಸ್ತೀರೇನ್ರೀ, ಬಳೀ!"

ಅಕ್ಕವ್ವ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಮೇಘಾಳ ಅತ್ತೆ. ಗಟ್ಟಿಮುಟ್ಟಾದ, ಬಾಯಿ ತುಂಬ ಮಾತಿನ ಹೆಂಗಸು.

"ಬಾರವಾ ತಂಗಿ, ಬಿಸಲಾಗ ಯಾಕ ನಿಂತಿ? ಏ ಮೇಘಾ, ಕೈ ತೊಳಕೊಂಡ ಬಾ. ಕೈ ನೋಡು, ಬರೇ ಒಂದೊಂದ ಬಳಿ ಉಳದಾವ. ಮಂದಿ ನನಗ ಅಂತಾರ!"

ಮೇಘಾ ಕೊಟ್ಟಿಗೆಯಿಂದ ಬಂದಳು. ಮೊಣಕೈವರೆಗೆ ಸೆಗಣಿ. ತೊಟ್ಟಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಎದುರಿಗೆ ಕೂತು ಕೈ ಚಾಚಿದಳು. ಮುಖ ಎತ್ತಲಿಲ್ಲ. ಆದರೆ ಸೊಟ್ಟ ಹೆಬ್ಬೆರಳಿನ ಎಡಗೈಯನ್ನೇ ಮೊದಲು ಮುಂದೆ ಮಾಡಿದಳು. ಗುರುತು ಹಿಡಿದಿದ್ದಳು.

ಕಹಕಶಾ ಚೀಲಕ್ಕೆ ಕೈ ಹಾಕಿ ಹಸಿರು ಬಳೆಯ ಎರಡು ದಾರ ತೆಗೆದಳು. ಎಡಗೈಗೆ ದೊಡ್ಡ ಸೈಜು. ಒಂದೊಂದಾಗಿ ಏರಿಸಿದಳು, ಸಲೀಸಾಗಿ ಹೋದವು. ಬಲಗೈಗೆ ಸಣ್ಣ ಸೈಜು. ಅದು ಹೆಬ್ಬೆರಳಿನ ಬುಡಕ್ಕೆ ಬಂದು ನಿಂತಿತು. ಅದುಮಿದಳು. ಹಿಚುಕಿದಳು. ಹೋಗಲಿಲ್ಲ. ಮೊದಲು ಹಿಡಿದರೆ ಬಟ್ಟೆಯ ಹಾಗೆ ಮಡಚುತ್ತಿದ್ದ ಕೈ ಅದು. ಮೇವು ಕತ್ತರಿಸಿ, ಹಾಲು ಹಿಂಡಿ, ಈಗ ಕಟ್ಟಿಗೆಯಾಗಿತ್ತು. ಎರಡೂ ಕೈ ಒಂದೇ ಸೈಜು ಆಗಿದ್ದವು.

ಅಕ್ಕವ್ವನ ಕೈಯಲ್ಲಿ ಮೊರ ನಿಂತಿತು. "ಎಡಗೈಗಿ ಹಾಕಿದ್ದನ್ನ ಬಲಗೈಗೂ ಹಾಕವಾ. ಎರಡ ಸೈಜ ಯಾಕ ತಗದಿ?"

ಬಳೆಗಾರರು ಕೈ ಹಿಡಿದು ನೋಡದೆ ಸೈಜು ತೆಗೆಯುವುದಿಲ್ಲ. ಕಹಕಶಾ ನೋಡಿರಲಿಲ್ಲ. ನೆನಪಿನಿಂದ ತೆಗೆದಿದ್ದಳು. ಅದೂ ಈಗಿನ ಕೈಯ ನೆನಪಲ್ಲ.

"ತಪ್ಪಿ ತಗದ್ನಿರಿ ಆಯಿ."

"ಯಾ ಊರಾಕಿ ನೀನು?"

"ಕುಡಚಿರಿ" ಅಂತ ಬೇರೆ ಊರಿನ ಹೆಸರು ಹೇಳಿದಳು ಕಹಕಶಾ.

ಅಕ್ಕವ್ವ ಸೊಸೆಯ ಕಡೆ ನೋಡಿದಳು. "ಗುರುತೈತೇನ ನಿನಗ?"

"ಇಲ್ರಿ ಅತ್ತಿ" ಅಂದಳು ಮೇಘಾ.

ಅಕ್ಕವ್ವ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿ ರೊಕ್ಕ ತರಲು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು.

"ಹುಡುಕೀನಿ ಬೇ" ಅಂದಳು ಕಹಕಶಾ, ಬಳೆ ಏರಿಸುತ್ತಲೇ, ಉಸಿರಿನಲ್ಲಿ. "ನಡಿ. ಗಾಡಿ ಐತಿ ಈಗ. ನಡಿ."

"ನಿಮ್ಮ ಅಣ್ಣ ಆರಾಮ ಅದಾನಿಲ್ಲ?"

"ಅದಾನ."

"ಆತಲ್ಲ ಮತ್ತ."

ಆಗ ಕಹಕಶಾಳಿಗೆ ತಿಳಿಯಿತು. ಗಾಡಿ ಯಾವುದು ಅಂತ ತಾತ್ಯಾಸಾಹೇಬ ಕೇಳಿದ್ದು ನಾಜಿಮಾ ಒಬ್ಬಳನ್ನೇ ಅಲ್ಲ, ಮೇಘಾಳನ್ನೂ. ತಾನು ಎಂದೂ ನೋಡದ ಹುಡುಗನೊಬ್ಬ ದಿನಾ ಸಂಜೆ ಮನೆಗೆ ಬರಲಿ ಅಂತ ಈ ಹುಡುಗಿ ಅಳದೆ ಹಸಿರು ಬಳೆ ಇಡಿಸಿಕೊಂಡಿದ್ದಳು. ಇಷ್ಟು ದಿನ ಹುಡುಕುತ್ತಿದ್ದವಳು ತಾನು ಅಂದುಕೊಂಡಿದ್ದಳು ಕಹಕಶಾ. ತಮ್ಮ ಮನೆಯನ್ನು ಕಾಯುತ್ತಿದ್ದವಳು ಇವಳು.

ಅಕ್ಕವ್ವ ಹೊರಗೆ ಬಂದು ರೊಕ್ಕ ಕೊಟ್ಟಳು, ಮೇಲೆ ಒಂದು ಹಿಡಿ ಶೇಂಗಾ ಕೊಟ್ಟಳು. ಕಹಕಶಾ ಬೇಡದ ಸೈಜಿನ ಬಳೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

"ಬರ್ತೀನ್ರಿ ಆಯಿ."

"ಹೋಗಿ ಬಾರವಾ" ಅಂದಳು ಅಕ್ಕವ್ವ. ಬಾಯಿಗೆ ರೂಢಿ, ಅದಕ್ಕೆ ಬಂದ ಮಾತು.

ಕಹಕಶಾ ಮೇಘಾಳ ಕಡೆ ತಿರುಗಿದಳು. "ಬರ್ತೀನಿ."

ಮೇಘಾ ಮೊದಲ ಸಲ ಮುಖ ಎತ್ತಿದಳು. ಎರಡೂ ಕೈಯ ಹಸಿರು ಬಳೆ ಮಡಿಲಲ್ಲಿ ಸುಮ್ಮನಿದ್ದವು.

"ಹೋಗು" ಅಂದಳು.

ಬಳೆಯ ಚೀಲ ಹೆಗಲಿಗೆ ಹಾಕಿಕೊಂಡು ಕಹಕಶಾ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಳು, ಆ ಮಾತಿನ ಉಳಿದ ಅರ್ಧಕ್ಕಾಗಿ. ಅದು ಬರಲಿಲ್ಲ.